ಇಸ್ತ್ರಿಗೆ ಮುಂಚಿನ ಹನಿಗಳು

ಮೂರನೇ ಮಹಡಿ, ಕಿಟಕಿಯ ಪಕ್ಕದಿಂದ
ಶನಿವಾರ, ಹನ್ನೊಂದನೇ ತಾರೀಕು

ಪ್ರೀತಿಯ ಅಮ್ಮಾ,

ಹೇಗಿದ್ದೀಯಾ? ಸೊಂಟದ ನೋವು ಕಡಿಮೆಯಾಯಿತೇ? ಹಡಗಿನವರಿಗೆಲ್ಲ ಹೊತ್ತುಹೊತ್ತಿಗೆ ಮದ್ದು ಕೊಡುವ ನರ್ಸಮ್ಮ ತನ್ನ ಮಾತ್ರೆಯನ್ನೇ ಮರೆಯುತ್ತಾಳೆಂದು ನನಗೆ ಗೊತ್ತು. ಮುಂದಿನ ಬಂದರಿನಲ್ಲಿ ಈ ಕಾಗದ ನಿನ್ನ ಕೈಸೇರುವಾಗ ಸಮುದ್ರ ತಣ್ಣಗಿರಲಿ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಅಡುಗೆ ಅಪ್ಪನದು, ಹೊಗಳುವ ಕೆಲಸ ನನ್ನದು.

ನನ್ನ ಕೈಬರಹ ನೋಡಿ ಗಾಬರಿಯಾಗಬೇಡ. ಕಣ್ಣು ಕೆಂಪಗೆ ಊದಿಕೊಂಡಿತ್ತು. ಕಣ್ಣಿನ ಡಾಕ್ಟರು, "ಒಂದು ತಿಂಗಳು ಕಂಪ್ಯೂಟರ್, ಮೊಬೈಲ್ ಇರೋ ಕಡೆ ತಲೆ ಹಾಕಿ ಕೂಡ ಮಲಗಬೇಡಿ" ಎಂದುಬಿಟ್ಟರು. ಗಿರಣಿಯಲ್ಲಿ ಹೊಸ ಬಟ್ಟೆಯ ಚಿತ್ತಾರ ಕೊಡಲು ನನಗಿದ್ದದ್ದೂ ಅದೇ ಒಂದು ತಿಂಗಳು. ಅದಕ್ಕೆ ಮೊದಲೇ ಮೂರು ಸಲ ವಾಪಸ್ ಬಂದಿತ್ತು. ನಮ್ಮ ಮೇಲಧಿಕಾರಿ, ಅದೇ ಆ ದಪ್ಪ ಕನ್ನಡಕದವರು, ಮೂರು ಸಲವೂ ಒಂದೇ ಮಾತು ಹೇಳಿದ್ದರು: "ಚೆನ್ನಾಗಿದೆ. ಆದ್ರೆ ಎಲ್ಲೋ ನೋಡಿದ ಹಾಗಿದೆ." ಸುಳ್ಳಲ್ಲಮ್ಮಾ. ಇಡೀ ದಿನ ಪರದೆಯ ಮೇಲೆ ಬೇರೆಯವರ ಹೂವು ಬಳ್ಳಿ ನೋಡಿ ನೋಡಿ, ನನ್ನ ಕೈಯಿಂದಲೂ ಅವೇ ಇಳಿಯುತ್ತಿದ್ದವು. ನಾಲ್ಕನೆಯ ಸಲವೂ ಹೀಗೇ ಆದರೆ ಬೇರೆ ವಿಭಾಗಕ್ಕೆ ಹೋಗಬೇಕಾಗುತ್ತದೆ ಎಂದೂ ಹೇಳಿದ್ದರು.

ಮೊದಲ ವಾರ ಕೈ ಕಳೆದುಕೊಂಡವಳ ಹಾಗಿದ್ದೆ. ಹೊತ್ತೇ ಹೋಗದು. ಕಿಟಕಿಯ ಹತ್ತಿರ ಸುಮ್ಮನೆ ಕೂರುತ್ತಿದ್ದೆ. ಬಿಸಿಲು ಗೋಡೆಯ ಮೇಲೆ ಹತ್ತುವುದು, ಇಳಿಯುವುದು, ಅಷ್ಟೇ ನನ್ನ ದಿನಚರಿ. ಆಮೇಲೆ ಒಂದು ಬೆಳಿಗ್ಗೆ ಕೆಳಗಿನ ಲಾಂಡ್ರಿಯತ್ತ ಕಣ್ಣು ಹೋಯಿತು. ಲಾಂಡ್ರಿ ಅಕ್ಕ ಮೇಜಿನ ಮೇಲೆ ನೀಲಿ ಅಂಗಿ ಹರಡಿ, ಬಟ್ಟಲಿಗೆ ಬೆರಳು ಅದ್ದಿ ನೀರು ಚಿಮುಕಿಸಿದರು. ಒಂದೇ ಗಳಿಗೆ, ಅಂಗಿಯ ತುಂಬ ಕಡುನೀಲಿ ಚುಕ್ಕೆಗಳು ಅರಳಿದವು. ಇಸ್ತ್ರಿಪೆಟ್ಟಿಗೆ ಹಾದುಹೋಯಿತು, ತೆಳು ಹಬೆ ಎದ್ದಿತು, ಏನೂ ಉಳಿಯಲಿಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದೆ.

ಅಂದಿನಿಂದ ದಿನಾ ಲಾಂಡ್ರಿಯಲ್ಲೇ ಸ್ಟೂಲ್ ಹಾಕಿಕೊಂಡು ಕೂತೆ. "ಇಸ್ತ್ರಿ ಮಾಡೋದನ್ನ ಯಾರಾದ್ರೂ ಹಿಂಗೆ ಬಾಯಿ ಬಿಟ್ಕೊಂಡು ನೋಡ್ತಾರೇನಮ್ಮಾ?" ಎಂದು ಅಕ್ಕ ನಕ್ಕರು. ಕಾಲರ್ ಹಠಮಾರಿಯಂತೆ, ಅದಕ್ಕೆ ನೀರು ಜಾಸ್ತಿ. ಬೆನ್ನು ಸಾಧು, ಅದಕ್ಕೆ ನಾಲ್ಕು ಹನಿ ಸಾಕಂತೆ. ಆ ಬೆಚ್ಚನೆಯ ಹಬೆಯಲ್ಲಿ ಕೂತು ಪೆನ್ಸಿಲ್ ಹಿಡಿದರೆ ಅರೆನಿದ್ದೆಯಲ್ಲಿ ತೇಲಿದ ಹಾಗೆ, ಮಧ್ಯಾಹ್ನ ಕಳೆದದ್ದೇ ತಿಳಿಯುತ್ತಿರಲಿಲ್ಲ. ಆದರೆ ನಾನು ಬರೆದ ಹನಿಗಳನ್ನು ನೋಡಿ ಅಪ್ಪ ತಲೆಯಾಡಿಸಿದರು. "ಇವು ಗುಂಡಿ. ಅಂಗಿಗೆ ಹೊಲಿಯೋಕೆ ಸರಿ" ಎಂದರು! ಬಸ್ಸು ರಿಪೇರಿ ಮಾಡಿದ ಕೈ ನೋಡು, ಲೋಟಕ್ಕೆ ಅದ್ದಿ, ಒಗೆದ ಹಾಸಿಗೆ ಹೊದಿಕೆಯ ಮೇಲೇ ಚಿಮುಕಿಸಿ ತೋರಿಸಿದರು. ಹನಿ ದಾರದ ಗುಂಟ ಹೇಗೆ ತೆವಳುತ್ತದೆ, ಅಂಚು ಹೇಗೆ ಮಸುಕಾಗುತ್ತದೆ ಎಂದು. ನೀನಿದ್ದಿದ್ದರೆ ಇಬ್ಬರಿಗೂ ಬೈಗುಳ ಗ್ಯಾರಂಟಿ.

ಹಾಳೆಗಳ ಮೇಲೆ ಹಾಳೆ ಹರಿದು, ಕೊನೆಗೆ ಒಂದನ್ನು ಗಿರಣಿಗೆ ಕೊಂಡೊಯ್ದೆ. ಒಂದು ಅಂಚಿನಲ್ಲಿ ದಟ್ಟವಾಗಿ ಬಿದ್ದು, ಇನ್ನೊಂದು ಅಂಚಿನ ಹೊತ್ತಿಗೆ ವಿರಳವಾಗುವ ಹನಿಗಳು. ಮೇಲಧಿಕಾರಿ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಕಾಗದವನ್ನು ಮೆಲ್ಲಗೆ ಮುಟ್ಟಿದರು, ಆಮೇಲೆ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡರು. "ಒದ್ದೆ ಇದೆ ಅಂದ್ಕೊಂಡೆ" ಎಂದು ನಾಚಿಕೊಂಡರು. ಒಪ್ಪಿಗೆಯಾಯಿತಮ್ಮಾ! ಮಾದರಿಗೆ ಅಚ್ಚು ಹಾಕಿದ ಮೊದಲ ತುಂಡನ್ನು ಲಾಂಡ್ರಿ ಅಕ್ಕನಿಗೇ ಕೊಟ್ಟೆ. "ಎಷ್ಟು ಉಜ್ಜಿದ್ರೂ ಹನಿ ಹೋಗಲ್ವಲ್ಲೇ, ನನ್ನ ಕೆಲಸ ಮುಗಿಯೋದು ಯಾವಾಗ?" ಎಂದವರು ಅದನ್ನು ಕೆನ್ನೆಗೆ ಒತ್ತಿಕೊಂಡರು.

ಅಂಚೆ ಪೆಟ್ಟಿಗೆ ತೆರೆಯುವ ಹೊತ್ತಾಯಿತು. ಹಡಗಿನ ಗೆಳತಿಯರಿಗೆಲ್ಲ ನನ್ನ ನೆನಪು ಹೇಳು. ಬೆಚ್ಚಗೆ ಹೊದ್ದುಕೋ, ಹೊಟ್ಟೆತುಂಬ ಉಣ್ಣು.

ನಿನ್ನ ಮುದ್ದಿನ,
ಪುಟ್ಟಿ

ತಾ.ಕ.: ಮುಖ್ಯವಾದದ್ದನ್ನೇ ಬರೆಯಲು ಧೈರ್ಯ ಸಾಲದೆ ಇಷ್ಟು ಹೊತ್ತು ಸುತ್ತಿದೆ. ಫೋನಿನಲ್ಲಿ ಅಪ್ಪ "ಎಲ್ಲ ಚೆನ್ನಾಗಿದೆ" ಎಂದಷ್ಟೇ ಹೇಳಿ ನನ್ನ ಕೈಗೆ ಕೊಡುತ್ತಾರೆ, ನೀನು ಕೆಲಸಕ್ಕೆಂದು ದೂರ ಹೋದದ್ದಕ್ಕೆ ಇನ್ನೂ ಸಿಟ್ಟೇನೋ ಎಂದು ಕೊರಗಿದ್ದೆಯಲ್ಲ? ಸಿಟ್ಟಲ್ಲಮ್ಮಾ. ಮೊನ್ನೆ ಅವರ ಮುಖ ಬರೆಯಲು ಕೂತಾಗ ಕಂಡಿತು, ನಾನು ಮಾತಾಡುವಾಗ ಅವರು ನೋಡುವುದು ನನ್ನ ತುಟಿಯನ್ನು. ಬೆನ್ನ ಹಿಂದೆ ನಿಂತು ಮೂರು ಸಲ ಕರೆದೆ, ತಿರುಗಲಿಲ್ಲ. ಅವರಿಗೆ ನಿನ್ನ ಮಾತು ಕೇಳಿಸುವುದಿಲ್ಲ. ಒಂದೇ ಮನೆಯಲ್ಲಿದ್ದೂ ನಾನಿದನ್ನು ನೋಡಿರಲಿಲ್ಲ. ನಾಡಿದ್ದು ಕಿವಿ ಡಾಕ್ಟರ ಹತ್ತಿರ ಕರೆದೊಯ್ಯುತ್ತೇನೆ. "ಅವಳಿಗೆ ಹೇಳ್ಬೇಡ, ಕೆಲಸ ಅರ್ಧಕ್ಕೆ ಬಿಟ್ಟು ಬಂದ್ಬಿಡ್ತಾಳೆ" ಎಂದು ಆಣೆ ಹಾಕಿಸಿಕೊಂಡಿದ್ದಾರೆ. ಆಣೆ ಮುರಿದಿದ್ದೇನೆ. ನೀನು ಓಡಿ ಬರಬೇಡ. ಅವರ ಹೆಸರಿಗೇ ಒಂದು ಕಾಗದ ಬರೆ, ಉದ್ದನೆಯದು. ಅಕ್ಷರ ದೊಡ್ಡದಾಗಬೇಕಿಲ್ಲ, ಅವರ ಕಣ್ಣು ಚೆನ್ನಾಗೇ ಇದೆ.