ಎಲ್ಲರಿಗಿಂತ ಕೊನೆಗೆ ನಕ್ಕವಳು

ಅಮ್ಮಾ,

ಹಲವು ನಾಡಿನ, ಹಲವು ಬಣ್ಣದ ಜನ ಒಂದೇ ಕಟ್ಟಡದಲ್ಲಿ ಬಾಳುವ ಆ ಹಾಸ್ಯ ಧಾರಾವಾಹಿಯನ್ನು ನಾವು ವಲಸೆ ಬಂದ ಈ ದೇಶದ ಟಿವಿಯಲ್ಲಿ ಮತ್ತೆ ಹಾಕುತ್ತಿದ್ದಾರೆ. ನಾನು ಬರುವುದಿಲ್ಲ ಎಂದಾಗ ನೀನು ಪಕ್ಕದ ಮನೆಯ ಟೈಲರ್ ಆಂಟಿಯ ಜೊತೆ ಪ್ರೇಕ್ಷಕರನ್ನು ಕೂರಿಸಿ ಅವರ ನಗುವನ್ನೂ ಸೇರಿಸಿಕೊಳ್ಳುವ ಅದರ ಚಿತ್ರೀಕರಣ ನೋಡಲು ಹೋಗಿದ್ದೆಯಲ್ಲ, ಆ ಕಂತು ನಿನ್ನೆ ಬಂತು. ಆಂಟಿ, ನಾನು, ನನ್ನ ಮಗಳು ಒಟ್ಟಿಗೆ ಕೂತು ನೋಡಿದೆವು. ಒಂದು ಜೋಕಿಗೆ ಪ್ರೇಕ್ಷಕರೆಲ್ಲ ನಕ್ಕು ಸುಮ್ಮನಾದ ಮೇಲೆ ಒಂಟಿ ನಗುವೊಂದು ಕೇಳಿಸಿತು. ನಿನ್ನದೇ.

"ಇಲ್ಲಿನ ಭಾಷೆ ಅವಳಿಗೆಲ್ಲಿ ಬರ್ತಿತ್ತು? ನಾನು ಕಿವೀಲಿ ಬಿಡಿಸಿ ಹೇಳಿದ್ಮೇಲೇ ನಕ್ಕಿದ್ದು. ಅವತ್ತೇ ನೋಡು, ಈ ದೇಶದೋಳಾದ್ಳು," ಎಂದರು ಆಂಟಿ.

ನೀನು ತೀರಿಕೊಂಡ ಮೇಲೆ ಹುಟ್ಟಿದ, ನಿನ್ನನ್ನು ಕಂಡೇ ಇರದ ನನ್ನ ಮಗಳು, "ಅಜ್ಜಿ ಇನ್ನೊಂದ್ಸಲ ನಗ್ತಾರಾ?" ಎಂದಳು.

"ತಡಿಯೇ, ಅವಳಿಗೆ ಅರ್ಥ ಆಗ್ಬೇಡ್ವಾ?" ಎಂದರು ಆಂಟಿ.

ಮುಂದಿನ ಜೋಕಿಗೆ ನಾವ್ಯಾರೂ ನಗಲಿಲ್ಲ, ನಿನಗಾಗಿ ಕಾದೆವು. ನೀನು ನಕ್ಕೆ. ಆಮೇಲೆ ಮೂವರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.