ಹೊಳೆಯ ದಂಡೆಯಲ್ಲಿ ನಿಂತವಳು

ಸಿಂದಗಿ
೧೨-೧-೨೦೦೬

ಮಗಳು ಕೌಸರಳಿಗೆ, ಜಯಮಾಲಾಳ ಅಪ್ಪ ಬರೆಯುವುದು.

ಅವಳ ಮಣ್ಣಿಗೆ ನೀನು ಬಂದಾಗ ಜನರ ನಡುವೆ ಮಾತಾಡಲಾಗಲಿಲ್ಲ. ನೀವಿಬ್ಬರೂ ಕೂಡಿ ಆಡುತ್ತಿದ್ದ ಆ ಕತ್ತಿ, ಮಂತ್ರಗಳ ಗೇಮ್ ಇನ್ನೂ ಕಂಪ್ಯೂಟರಿನಲ್ಲಿದೆ. ಅಂಗಡಿಯಿಂದ ಬಂದು ದಿನಾ ಹಚ್ಚುತ್ತೇನೆ. ಅದರೊಳಗಿನ ಹುಡುಗಿಗೆ ಜಯಮಾಲಾ ತನ್ನ ಹೆಸರನ್ನೇ ಇಟ್ಟಿದ್ದಾಳೆ. ಆ ಹುಡುಗಿ ಹೊಳೆಯ ದಂಡೆಯಲ್ಲಿ ಮಳೆಗೆ ನಿಂತಿರುತ್ತಾಳೆ. ನನಗೆ ಅವಳನ್ನು ನಡೆಸಲಷ್ಟೇ ಬರುತ್ತದೆ. ಯಾರನ್ನೂ ಹೊಡೆಯುವುದಿಲ್ಲ. ಎದುರು ಬಂದವರ ಮಾತಿನಲ್ಲಿ ಅವಳ ಹೆಸರು ಅಕ್ಷರವಾಗಿ ಮೂಡುತ್ತದೆ. ನಮ್ಮ ಮನೆಯಲ್ಲಿ ಈಗ ಆ ಹೆಸರನ್ನು ಯಾರೂ ಎತ್ತುವುದಿಲ್ಲ.

ನಿನ್ನೆ ಜಯಮಾಲಾಳ ಅವ್ವ, ನಿನ್ನ ಕಾಕು, ನನ್ನ ಹಿಂದೆ ಬಂದು ನಿಂತಳು. ಬಹಳ ಹೊತ್ತು ನೋಡಿ, "ಕೂಸನ್ನ ಎಷ್ಟಂತ ಮಳ್ಯಾಗ ನಿಂದ್ರಸ್ತೀರಿ? ಮನಿಗಿ ಕರಕೊಂಡು ಹೋಗಿ ಮಲಗಸ್ರಿ" ಎಂದಳು.

ಜಯಮಾಲಾ ಆ ಗೇಮಿನೊಳಗೊಂದು ಮನೆ ಕೊಂಡಿದ್ದಾಳೆಂದು ನೀವಿಬ್ಬರೂ ನಗುತ್ತ ಹೇಳಿದ್ದು ನೆನಪಿದೆ. ಅದರ ದಾರಿ ಯಾವುದು, ಮಲಗಿಸಲು ಯಾವ ಬಟನ್ ಒತ್ತಬೇಕು, ಬಿಡಿಸಿ ಬರೆ. ಮತ್ತೆ ಎಬ್ಬಿಸಲು ಯಾವುದನ್ನು ಒತ್ತಬೇಕೆಂಬುದನ್ನೂ ಬರೆ. ಅದು ತಿಳಿಯುವವರೆಗೆ ನಾನು ಅವಳನ್ನು ಮಲಗಿಸುವುದಿಲ್ಲ.

ನಿನ್ನ ಕಾಕಾ
ಗುರುಲಿಂಗಪ್ಪ