ಅಕ್ಕನ ಹೆಸರಿಗೊಂದು ಮನೆ

ದೊಡ್ಡನೆಕ್ಕುಂದಿ
೧೨-೬-೧೯೮೧, ಶುಕ್ರವಾರ

ಪ್ರೀತಿಯ ತಮ್ಮ ಸೊಣ್ಣಪ್ಪನಿಗೆ,

ನಿನ್ನ ಅಕ್ಕ ಅಶ್ವತ್ಥಮ್ಮನ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಸೊಂಟದ ನೋವು ಹೇಗಿದೆ? ಆ ಚಳಿ ದೇಶದಲ್ಲಿ ಬೆಳಗಾಗೆದ್ದು ಕಾರ್ಖಾನೆಗೆ ಸೈಕಲ್ ತುಳಿಯಬೇಡ, ಬಸ್ಸಿನಲ್ಲಿ ಹೋಗು ಎಂದು ಹೋದ ಪತ್ರದಲ್ಲೇ ಬರೆದಿದ್ದೆ. ಅದಕ್ಕೆ ಉತ್ತರವಿಲ್ಲ, ಮನೆ ಮನೆ ಎಂದು ಎರಡು ಪುಟ ತುಂಬಿಸಿದ್ದೀಯ. ಜೋನ್ ಹೇಗಿದ್ದಾಳೆ? ನೀವು ಬಂದಿದ್ದಾಗ ಪಾಪ, ಮುದ್ದೆಯನ್ನು ಅಗಿದು ಅಗಿದು ದವಡೆ ನೋಯಿಸಿಕೊಂಡಳು. ನುಂಗಬೇಕಮ್ಮಾ ಎಂದು ಹೇಳಿಕೊಡಲು ನನಗೆ ಅವಳ ಭಾಷೆ ಬರಲಿಲ್ಲ, ನೀನು ನಗುತ್ತಾ ಕೂತಿದ್ದೆ. ಮಗುವಿಗೆ ಒಂದೆರಡಾದರೂ ಕನ್ನಡ ಮಾತು ಕಲಿಸು. ಅತ್ತೆ ಎನ್ನಲು ಬಂದರೂ ನನಗೆ ಸಾಕು.

ಈಗ ಮನೆ ವಿಚಾರಕ್ಕೆ ಬರುತ್ತೇನೆ. ನಿನ್ನ ಭಾವ ಹೊಸಿಲ ಮೇಲೆ ಕೂತು, ಬರೆದೆಯಾ, ಬರೆದೆಯಾ ಎಂದು ಆಗಲೇ ಪ್ರಾಣ ತೆಗೆಯುತ್ತಿದ್ದಾರೆ. ಕೆರೆ ಏರಿ ಬೀದಿಯ ಸುಬ್ಬಲಕ್ಷ್ಮಮ್ಮನವರು ತಮ್ಮ ಹೆಂಚಿನ ಮನೆಯನ್ನು ಮಾರುವುದು ನಿಜ. ಅವರ ಯಜಮಾನರು ಪೋಸ್ಟ್‌ಮಾಸ್ಟರು ತೀರಿಕೊಂಡ ಮೇಲೆ ಒಬ್ಬರೇ ಇದ್ದರಲ್ಲ, ಈಗ ತಿರುಪತಿಯಲ್ಲಿರುವ ಮಗಳ ಮನೆಗೆ ಹೋಗಿ ಸೇರಿಕೊಂಡಿದ್ದಾರೆ. ಆಷಾಢ ಹುಟ್ಟುವ ಮೊದಲೇ ರಿಜಿಸ್ಟರ್ ಆಗಬೇಕೆಂದು ಹೇಳಿ ಹೋಗಿದ್ದಾರೆ. ಈ ತಿಂಗಳ ಇಪ್ಪತ್ತೊಂಬತ್ತು, ಸೋಮವಾರ ಎಂದು ದಿನ ಗೊತ್ತಾಗಿದೆ. ಆ ದಿನ ನಾವು ತೆಗೆದುಕೊಳ್ಳದಿದ್ದರೆ ವೈಟ್‌ಫೀಲ್ಡ್ ಕಡೆಯ ಒಬ್ಬ ಕಂಟ್ರಾಕ್ಟರು ಕಾದು ಕೂತಿದ್ದಾನೆ. ಅವನಿಗೆ ಮನೆ ಬೇಡ, ಜಾಗ ಬೇಕು. ಹೆಂಚು ಇಳಿಸಿ, ಕಾರ್ಖಾನೆ ಕೆಲಸಗಾರರಿಗೆ ಬಾಡಿಗೆಗೆ ಕೊಡಲು ಸಾಲು ರೂಮು ಕಟ್ಟಿಸುತ್ತಾನಂತೆ.

ನೀನು ಆ ಮನೆಯ ಜಗಲಿಯ ಮೇಲೆ ನಿಂತು ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. "ಅಕ್ಕಾ, ನೆಂಟನಾಗಿ ಬಂದು ನೆಂಟನಾಗಿ ಓಗೋದು ಸಾಕಾಯ್ತು ಕಣಕ್ಕಾ, ನಂಗೂ ಈ ಊರಲ್ಲೊಂದು ಬಾಗ್ಲು ಬೇಕು" ಎಂದೆ. ಅಪ್ಪನ ಮನೆ ದೊಡ್ಡಪ್ಪನ ಮಕ್ಕಳ ಪಾಲಾದ ಮೇಲೆ ನಿನಗೆ ಇಲ್ಲಿ ಬಾಗಿಲಿಲ್ಲ ಎನ್ನುವುದು ಸುಳ್ಳಲ್ಲ. ನೀವು ಬಂದಾಗ ನಮ್ಮ ನಡುಮನೆಯಲ್ಲಿ ಚಾಪೆ ಹಾಸಿಕೊಟ್ಟೆ, ಊರಿನವರೆಲ್ಲ ಜೋನಳನ್ನು ನೋಡಲು ಕಿಟಕಿಯಲ್ಲಿ ಇಣುಕುತ್ತಿದ್ದರು. ನನಗೇ ಅಳು ಬಂದಿತ್ತು.

ಆದರೆ ನೀನು ಅಂದುಕೊಂಡಷ್ಟು ಸಲೀಸಲ್ಲ ಇದು. ನಿನ್ನ ಭಾವನೂ ನಾನೂ ಬೆಂಗಳೂರಿಗೆ ಹೋಗಿ ವಕೀಲರನ್ನು ನೋಡಿ ಬಂದೆವು. ನೀನು ಇಂಗ್ಲೆಂಡಿನ ಪಾಸ್‌ಪೋರ್ಟ್ ತೆಗೆದುಕೊಂಡ ದಿನದಿಂದ ನೀನು ಹೊರದೇಶದವನಂತೆ, ರಿಸರ್ವ್ ಬ್ಯಾಂಕಿನ ಅಪ್ಪಣೆಯಿಲ್ಲದೆ ಇಲ್ಲಿ ಒಂದು ಕೋಣೆಯನ್ನೂ ಕೊಳ್ಳುವ ಹಾಗಿಲ್ಲವಂತೆ. ನನಗೆ ಸಿಟ್ಟು ಬಂತು. ಇವನ ಹೊಕ್ಕಳುಬಳ್ಳಿ ಹೂತಿರುವುದು ಇದೇ ಊರಿನಲ್ಲಿ ಸಾರ್ ಎಂದೆ. "ಅಮ್ಮಾ, ಕಾನೂನು ಹೊಕ್ಕಳುಬಳ್ಳಿ ನೋಡಲ್ಲ, ಪಾಸ್‌ಪೋರ್ಟ್ ನೋಡುತ್ತೆ" ಎಂದರು. ಆ ಅಪ್ಪಣೆಗೆಂದು ನೀನು ಸಂಕ್ರಾಂತಿಯ ಹೊತ್ತಿಗೆ ಹಾಕಿದ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ, ಯಾವಾಗ ಬರುತ್ತದೋ ಅವರಿಗೂ ಗೊತ್ತಿಲ್ಲ. ಇಪ್ಪತ್ತೊಂಬತ್ತರೊಳಗೆ ಬರುವುದಿಲ್ಲ ಎನ್ನುವುದು ಮಾತ್ರ ಗೊತ್ತು.

ಅದಕ್ಕೇ ದಲ್ಲಾಳಿ ಪಾಪಯ್ಯ ಒಂದು ದಾರಿ ಹೇಳಿದ್ದಾನೆ. ಅವನ ಮಾತಿನಲ್ಲೇ ಬರೆಯುತ್ತೇನೆ: "ಅಕ್ಕಾ, ನಿಮ್ ಎಸ್ರಿಗೆ ಮಾಡ್ಸಿಬುಡಿ. ನೀವು ಈ ದೇಸದೋರು, ಯಾರೂ ಕೇಳಾಕಿಲ್ಲ. ತಮ್ಮಂಗೆ ಅಪ್ಪಣೆ ಬಂದಾಗ ಒಂದು ದಾನಪತ್ರ ಬರ್ಕೊಟ್ರಾಯ್ತು." ನೀನು ದುಡ್ಡು ಕಳಿಸುವುದು, ನಾನು ಕೊಂಡವಳೆಂದು ರುಜು ಹಾಕುವುದು. ಇದನ್ನು ಕೇಳಿದಾಗಿನಿಂದ ನಿನ್ನ ಭಾವನಿಗೆ ನೆಲದ ಮೇಲೆ ಕಾಲಿಲ್ಲ. "ಯಾರ ಎಸ್ರಲ್ಲಿದ್ರೇನೇ, ಮನೆ ಎಲ್ಲಿಗ್ ಓಡೋಗ್ತದೆ?" ಎನ್ನುತ್ತಾರೆ. ಸೊಸೆ ಈಶ್ವರಮ್ಮ, ಆ ಮನೆಯಲ್ಲಿ ಬಾವಿ ಹಿತ್ತಿಲಲ್ಲೇ ಇದೆ, ನೀರು ಹೊರುವ ಕಷ್ಟವಿಲ್ಲ ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾಳೆ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಗದರಿದೆ. ಮುಖ ದಪ್ಪ ಮಾಡಿಕೊಂಡಳು.

ವಕೀಲರು ಹೇಳಿದ ಇನ್ನೊಂದು ಮಾತನ್ನೂ ಬರೆಯಬೇಕು, ಮುಚ್ಚಿಡುವುದು ತಪ್ಪು. ಕಾಗದದಲ್ಲಿ ಯಾರ ಹೆಸರಿದೆಯೋ ಮನೆ ಅವರದೇ ಅಂತೆ. ಮರಳಿ ನಿನ್ನ ಹೆಸರಿಗೆ ಮಾಡಬೇಕೆಂದರೂ ಅದೇ ಅಪ್ಪಣೆ ಬೇಕು. ಅಷ್ಟರೊಳಗೆ ನನಗೇನಾದರೂ ಆದರೆ ಮನೆ ನನ್ನ ಮಕ್ಕಳಿಗೆ ಹೋಗುತ್ತದೆ. ನೀನು ಕೋರ್ಟಿಗೆ ಬಂದು ದುಡ್ಡು ನನ್ನದು ಎಂದರೆ, ಅಪ್ಪಣೆಯಿಲ್ಲದೆ ಯಾಕೆ ಕೊಂಡೆ ಎಂದು ನಿನ್ನನ್ನೇ ಹಿಡಿಯುತ್ತಾರೆ. ಇದನ್ನು ಕೇಳಿ ನಿನ್ನ ಭಾವ, ಅಕ್ಕ ತಮ್ಮನ ನಡುವೆ ಕೋರ್ಟು ಯಾಕೆ ಬರುತ್ತದೆ ಸಾರ್ ಎಂದು ನಕ್ಕರು. ವಕೀಲರು ನಗಲಿಲ್ಲ.

ಇಷ್ಟಾದ ಮೇಲೂ ಇಲ್ಲಿ ಎಲ್ಲರ ಮಾತೂ ಒಂದೇ: ಕೈಗೆ ಬಂದದ್ದನ್ನು ಬಿಡಬಾರದು. ನನ್ನ ಹೆಸರಿನಲ್ಲಿ ಆಗಲಿ, ನೀನು ಬ್ಯಾಂಕಿನ ಮೂಲಕ ದುಡ್ಡು ಕಳಿಸು. ದುಡ್ಡು ಬಂದರೆ ನಿನಗೆ ಒಪ್ಪಿಗೆ ಎಂದು ತಿಳಿದು ರಿಜಿಸ್ಟರಿನ ಹಿಂದಿನ ದಿನವೇ ಸುಬ್ಬಲಕ್ಷ್ಮಮ್ಮನವರನ್ನು ಕರೆಸಿಕೊಳ್ಳುತ್ತೇವೆ. ಉಳಿದದ್ದನ್ನು ದೇವರು ನೋಡಿಕೊಳ್ಳುತ್ತಾನೆ ಎಂದು ನಿನ್ನ ಭಾವ ಬರೆಯಲು ಹೇಳಿದ್ದಾರೆ, ಬರೆದಿದ್ದೇನೆ.

ಸೊಂಟಕ್ಕೆ ಬೆಚ್ಚಗೆ ಪಟ್ಟಿ ಕಟ್ಟಿಕೋ. ಜೋನಳಿಗೂ ಮಗುವಿಗೂ ನನ್ನ ಮುತ್ತು ತಲುಪಿಸು. ಭಾವ ನಿನ್ನನ್ನು ಕೇಳಿದರೆಂದು ತಿಳಿ. ನಮ್ಮ ಊರಮ್ಮ ನಿನ್ನನ್ನು ಆ ದೂರದಲ್ಲೂ ಕಾಯಲಿ.

ನಿನ್ನ ಅಕ್ಕ,
ಅಶ್ವತ್ಥಮ್ಮ

ಮರೆತ ಮಾತು: ಸೊಣ್ಣಾ, ಭಾವ ಮೇಲಿನದನ್ನೆಲ್ಲ ಓದಿ, ಚೆನ್ನಾಗಿ ಬರೆದಿದ್ದೀಯ ಎಂದರು. ಈಗ ಮಾರತ್ತಹಳ್ಳಿಗೆ ಬಂದಿದ್ದೇವೆ. ಅವರು ಗೊಬ್ಬರದ ಅಂಗಡಿಯಲ್ಲಿದ್ದಾರೆ, ನಾನು ಪೋಸ್ಟಾಫೀಸಿನ ಮೆಟ್ಟಿಲ ಮೇಲೆ ಕೂತು ಕಾಗದದ ಮಡಿಕೆಯಲ್ಲಿ ಉಳಿದ ಜಾಗದಲ್ಲಿ ಇದನ್ನು ಬರೆಯುತ್ತಿದ್ದೇನೆ. ದುಡ್ಡು ಕಳಿಸಬೇಡ. ಸುಬ್ಬಲಕ್ಷ್ಮಮ್ಮನವರು ಗುಡಿಸಿ ದೀಪ ಹಚ್ಚಲೆಂದು ಬೀಗದ ಕೈ ನನಗೆ ಕೊಟ್ಟು ಹೋಗಿದ್ದಾರೆ. ಮಂಗಳವಾರ ಹೋದವಳು ಗುಡಿಸಿ, ಸಾರಿಸಿ, ಯಾರಿಗೂ ಹೇಳದೆ ಒಲೆ ಹಚ್ಚಿ ಹಾಲು ಉಕ್ಕಿಸಿಬಿಟ್ಟೆ. ಹಾಲುಕ್ಕಿಸುವುದು ಮನೆ ಕೊಂಡವರು, ಗೊತ್ತಲ್ಲ. ಆಮೇಲೆ ಬಾಗಿಲಿಗೆ ಅಗುಳಿ ಹಾಕಿಕೊಂಡು ಒಬ್ಬಳೇ ಕೂತೆ. ಈಶ್ವರಮ್ಮ ಬಂದು ಅತ್ತೇ ಅತ್ತೇ ಎಂದು ಬಾಗಿಲು ಬಡಿದಳು, ಓಗೊಡಲಿಲ್ಲ. ಅಪ್ಪನ ಮನೆಯಲ್ಲಿ ಹುಟ್ಟಿದೆ, ಗಂಡನ ಮನೆಗೆ ಬಂದೆ, ನಾಳೆ ಮಗನ ಮನೆಯಲ್ಲಿ ಸಾಯುತ್ತೇನೆ. ನನ್ನದು ಅನ್ನುವ ಬಾಗಿಲನ್ನು ಅವತ್ತೇ ಮೊದಲು ಹಾಕಿಕೊಂಡದ್ದು. ಅಷ್ಟು ಹೊತ್ತೂ ನಿನ್ನ ನೆನಪು ಬರಲಿಲ್ಲ ಕಣೋ. ಭಾವನನ್ನು ಬೈಯಬೇಡ, ಅವರನ್ನೂ ಮಕ್ಕಳನ್ನೂ ನಾನು ತಡೆದೇನು. ನನ್ನ ರುಜು ಬಿದ್ದ ಮೇಲೆ ನನ್ನನ್ನು ತಡೆಯುವವರು ಯಾರೂ ಇಲ್ಲ. ನಾನು ಆ ಮನೆಯನ್ನು ನಿನಗೆ ವಾಪಸು ಕೊಡುವುದಿಲ್ಲ. ನೀನು ಸುಮ್ಮನಿದ್ದರೆ ದುಡ್ಡು ದಾರಿಯಲ್ಲಿದೆ ಎಂದುಕೊಂಡು ಭಾವ ಸಾಲ ಮಾಡಿಯಾದರೂ ರಿಜಿಸ್ಟರ್ ಮಾಡಿಸಿಬಿಡುತ್ತಾರೆ. ಬೇಡ ಎಂದು ತಂತಿ ಕೊಡು, ಭಾವನ ಹೆಸರಿಗೆ ಕೊಡು. ತಂತಿ ನನ್ನ ಹೆಸರಿಗೆ ಬಂದರೆ ನಾನದನ್ನು ಅವರಿಗೆ ತೋರಿಸದೆ ಇಟ್ಟುಕೊಂಡುಬಿಡುತ್ತೇನೆ.